ಎಮ್ಮಿಗುಡ್ಡದ ಪಟ್ಟಿ

ಜನವರಿ 22, 2017, ರವಿವಾರ

ಎಮ್ಮಿಗುಡ್ಡ ಮುಗಿಯಿತು. ಹದಿನಾಲ್ಕು ಹಳ್ಳಿಗಳಲ್ಲಿ ಇದೇ ಕೊನೆಯದು. ಕಾಲುವೆಗೂ ಇದೇ ಕೊನೆ. ಮೇಲಿನವರು ಭತ್ತಕ್ಕೆ ಕುಡಿಸಿ ಮಿಕ್ಕಿದ್ದು ಬಂದರೆ ಇವರಿಗೆ ನೀರು. ಡಾಕ್ಟರು, ಬಸ್ಸು, ಔಷಧಿಯದೂ ಅದೇ ಹಣೆಬರಹ.

ಈ ಹಳ್ಳಿಗಳ ಬಸುರಿ ಹೆಂಗಸರಿಗೆ ಒಂದು ಗಾಡಿ, ಒಬ್ಬ ನರ್ಸು ಕೊಡಿ ಎಂದು ನಾನು ನ್ಯಾಯಾಲಯಕ್ಕೆ ಹೋಗಿ ಹನ್ನೊಂದು ವರ್ಷವಾಯಿತು. ಅರ್ಜಿ ಹಾಕಿದಾಗ ತಲೆಯಲ್ಲಿ ಒಂದೂ ಬಿಳಿಕೂದಲಿರಲಿಲ್ಲ. ಬರುವ ಮೇ ತಿಂಗಳಿಗೆ ನಿವೃತ್ತಿ. ಶಹಾಪುರದ ನಮ್ಮ ಕಾನೂನು ಕಾಲೇಜಿನ ಹುಡುಗರು ಬೆನ್ನ ಹಿಂದೆ ನನ್ನನ್ನು ‘ಗಾಡಿ ಮೇಡಂ’ ಎನ್ನುತ್ತಾರೆಂದು ಗೊತ್ತು. ಅನ್ನಲಿ. ಹೋದ ಸಲ ಸರ್ಕಾರಿ ವಕೀಲರು, ಎಷ್ಟು ಬಸುರಿಯರಿದ್ದಾರೆ ಎಂಬ ಲೆಕ್ಕವೇ ಇಲ್ಲದೆ ಗಾಡಿ ಕೇಳಿದರೆ ಹೇಗೆ ಎಂದು ನಕ್ಕರು. ಆ ನಗು ನನಗೆ ಚುಚ್ಚಿತು. ಅವತ್ತಿನಿಂದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮನೆ ಮನೆ ತಿರುಗಿ ಪಟ್ಟಿ ಮಾಡುತ್ತಿದ್ದೇನೆ. ಇನ್ನು ಯಾರು ನಗುತ್ತಾರೋ ನೋಡೋಣ.

ವಿದ್ಯಾರ್ಥಿಗಳು ದಣಿದಿದ್ದರಿಂದ ಕೊನೆಯ ಓಣಿಯನ್ನು ನಾನೇ ಮಾಡಿದೆ. ಮನೆ ನಲವತ್ತೊಂದು, ಯಜಮಾನ ಮರಿಲಿಂಗಪ್ಪ ಹೊಲಕ್ಕೆ ಹೋಗಿದ್ದ. ಹೆಂಡತಿ ಅಯ್ಯಮ್ಮ ಕಟ್ಟೆಯ ಮೇಲೆ ಚಾಪೆ ಹಾಸಿದಳು.

“ನಿಮ್ಮ ಮನಿಯವ್ರು ಎಷ್ಟು ಮಂದಿ ಅದೀರಿ?”

“ಮೂರು ಮಂದಿರಿ. ನಾನು, ನಮ್ಮ ಮನಿಯವ್ರು, ಮಗ.”

“ಬಸುರಿ, ಬಾಣಂತಿ ಯಾರರ?”

“ಯಾರೂ ಇಲ್ರಿ. ಮಗನ ಲಗ್ನ ಇನ್ನಾ ಆಗಿಲ್ಲ.”

ಮೂರು, ಇಲ್ಲ ಎಂದು ಬರೆದೆ. ಒಳಗಿನಿಂದ ಒಬ್ಬ ಹುಡುಗಿ ಚಹಾ ತಂದಳು. ಕೈ ತುಂಬ ಹಸಿರು ಬಳೆ. ಬಗ್ಗಿ ಕೊಡುವಾಗ ಕಪ್ಪು-ಬಸಿಯಿಂದ ತುಳುಕಿ ಪಟ್ಟಿಯ ಮೇಲೆ ಬಿತ್ತು. “ನ್ಯಾಯಾಲಯಕ್ಕ ಹೋಗೋ ಕಾಗದ ಇದು, ನೋಡಿ ಕೊಡಬಾರದಾ?” ಎಂದು ಗದರಿದೆ. ಸೆರಗಿನಿಂದ ಒರೆಸಲು ಬಂದಳು, ಇನ್ನೂ ಹರಡೀತೆಂದು ಬೇಡವೆಂದೆ. ಚಹಾಕ್ಕೆ ಶುಂಠಿ ಹಾಕಿದ್ದರು. ಚೆನ್ನಾಗಿತ್ತು.

ಒಟ್ಟು ಅರವತ್ತೊಂದು ಬಸುರಿಯರು. ಹೆಸರು, ಗಂಡನ ಹೆಸರು, ಮನೆ ನಂಬರು, ಎಲ್ಲ ಉಂಟು. ಇಷ್ಟು ಬಿಗಿಯಾದ ಪಟ್ಟಿಯನ್ನು ಈ ಜಿಲ್ಲೆಯಲ್ಲಿ ಯಾರೂ ಮಾಡಿರಲಿಕ್ಕಿಲ್ಲ.

ಫೆಬ್ರವರಿ 23, ಗುರುವಾರ

ಗೆದ್ದೆ!

ಮಧ್ಯಂತರ ಆದೇಶವಾಯಿತು. ಎಮ್ಮಿಗುಡ್ಡದ ಉಪಕೇಂದ್ರದಲ್ಲಿ ಒಬ್ಬ ನರ್ಸು, ಹಗಲಿರುಳು ನಿಲ್ಲುವ ಒಂದು ಗಾಡಿ. ಕಲಬುರಗಿಯಿಂದ ಬಸ್ಸಿನಲ್ಲಿ ಬರುವಾಗ ಆದೇಶವನ್ನು ನಾಲ್ಕು ಸಲ ಓದಿದೆ. ಪಕ್ಕದಲ್ಲಿ ಕೂತ ಅಜ್ಜಿ, “ಮಗಳ ಪತ್ರ ಬಂದದೇನವ್ವ?” ಎಂದು ಕೇಳಿದಳು. ಹೌದು ಎಂದೆ.

ನಮ್ಮ ವಕೀಲ ದೇವಿಂದ್ರಪ್ಪ ನನ್ನದೇ ಶಿಷ್ಯ. ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆಯುತ್ತಿದ್ದವನು ಇವತ್ತು ಎಷ್ಟು ಚಂದ ವಾದಿಸಿದ! ಆದರೆ ಆದೇಶದ ಐದನೆಯ ಅಂಶ ನನ್ನದು: “ಪಟ್ಟಿಯಲ್ಲಿ ಹೆಸರಿಲ್ಲದವರಿಗಾಗಿ ಸದರಿ ವಾಹನವನ್ನು ಬಳಸತಕ್ಕದ್ದಲ್ಲ.” ದೇವಿಂದ್ರಪ್ಪ ಬೇಡವೆಂದಿದ್ದ. ನಾನೇ ಪಟ್ಟು ಹಿಡಿದೆ. ಹಳ್ಳಿಗೆ ಬಂದ ಸರ್ಕಾರಿ ಗಾಡಿ ಮೊದಲು ಯಾರ ಮನೆಯ ಮುಂದೆ ನಿಲ್ಲುತ್ತದೆಂದು ನನಗೆ ಗೊತ್ತು. ನ್ಯಾಯಮೂರ್ತಿಗಳು ಒಂದಕ್ಷರ ಬದಲಿಸದೆ ಸೇರಿಸಿದರು.

ಮಾರ್ಚ್ 6, ಸೋಮವಾರ

ಗಾಡಿ ಬಂತು. ಕುಂಕುಮ ಹಚ್ಚಿ, ಕಾಯಿ ಒಡೆದು, ಹದಿನಾಲ್ಕು ಹಳ್ಳಿಯ ಹೆಂಗಸರು ಅದರ ಸುತ್ತ ತಿರುಗಿ ಮುಟ್ಟಿ ನೋಡಿದರು. ನರ್ಸು ಪಾರ್ವತಿಬಾಯಿ ಗಟ್ಟಿ ಹೆಂಗಸು, ಮಾತಿಗಿಂತ ಕೆಲಸ ಜಾಸ್ತಿ. ಡ್ರೈವರ್ ಯೂನುಸನಿಗೆ ಮೂವತ್ತರ ಆಸುಪಾಸು, ಮೆದು ಮನುಷ್ಯ. ಪಟ್ಟಿಯ ಒಂದು ಪ್ರತಿಯನ್ನು ಅವನ ಕೈಗಿಟ್ಟು, ನನ್ನ ನಂಬರನ್ನೂ ಬರೆದುಕೊಟ್ಟೆ. “ಪಟ್ಟಿ ವಿಷಯಕ್ಕ ಏನರ ಅನುಮಾನ ಬಂದ್ರ ನನಗ ಫೋನ್ ಹಚ್ಚು” ಎಂದೆ.

ಮಾರ್ಚ್ 12, ರವಿವಾರ

ನಾನು ಅಂದುಕೊಂಡದ್ದೇ ಆಯಿತು. ಪಂಚಾಯಿತಿ ಮೆಂಬರೊಬ್ಬರ ಮನೆಯವರು ಗಾಡಿಯಲ್ಲಿ ಕೂತು ಮದುವೆಗೆ ಹೋಗಿದ್ದಾರೆ. ಸುದ್ದಿ ಕೇಳಿದ ಕೂಡಲೇ ಹೊರಟೆ. ಎಮ್ಮಿಗುಡ್ಡಕ್ಕೆ ಹೋಗಿ ನಾಲ್ಕು ಜನರ ಎದುರಿಗೇ ಯೂನುಸನಿಗೆ ಹೇಳಿದೆ: “ಪಟ್ಟಿಯೊಳಗ ಇಲ್ಲದ ಒಂದು ಮನುಷ್ಯಾ ಈ ಗಾಡಿ ಹತ್ತಿದ್ರ ನಿನ್ನ ನೌಕರಿ ಹೋಗ್ತದ. ಜೈಲಿಗೂ ಹೋಗ್ತಿ.”

ತಲೆ ತಗ್ಗಿಸಿ ನಿಂತಿದ್ದ. “ಇನ್ನ ಆಗಂಗಿಲ್ರಿ ಮೇಡಂ” ಎಂದ. ಬಿಸಿ ಮುಟ್ಟಿದೆ.

ಮಾರ್ಚ್ 20, ಸೋಮವಾರ

ಬಿಸಿಲು ಶುರುವಾಗಿದೆ. ಕೊನೆಯ ವರ್ಷದವರಿಗೆ ಜೀವಿಸುವ ಹಕ್ಕಿನ ಪಾಠ. ಹನ್ನೊಂದರಿಂದ ಒಂದರವರೆಗೆ ನಿಲ್ಲಿಸದೆ ಹೇಳಿದೆ. ನಮ್ಮ ಗಾಡಿಯ ಆದೇಶವನ್ನೇ ಉದಾಹರಣೆ ಕೊಟ್ಟೆ, ಹುಡುಗರು ಚಪ್ಪಾಳೆ ತಟ್ಟಿದರು. ಚೀಲದಲ್ಲಿದ್ದ ಫೋನಿನಲ್ಲಿ ಗೊತ್ತಿಲ್ಲದ ನಂಬರಿನಿಂದ ಮೂರು ಕರೆ ಬಂದಿದ್ದವು. ನಿವೃತ್ತಿಯ ಸನ್ಮಾನದವರಿರಬೇಕು, ದಿನಾ ಪ್ರಾಣ ತಿನ್ನುತ್ತಿದ್ದಾರೆ. ತಿರುಗಿ ಮಾಡಲಿಲ್ಲ.

ಮಾರ್ಚ್ 21, ಮಂಗಳವಾರ

ಎಮ್ಮಿಗುಡ್ಡದಲ್ಲಿ ಬಾಣಂತಿಯೊಬ್ಬಳು ತೀರಿಕೊಂಡಳೆಂದು ಪಾರ್ವತಿಬಾಯಿ ಫೋನ್ ಮಾಡಿದ್ದಳು. ಬಾಲಮ್ಮ ಅಂತ ಹೆಸರು. ಪಟ್ಟಿ ತೆಗೆದು ಅರವತ್ತೊಂದು ಹೆಸರನ್ನೂ ಬೆರಳಿಟ್ಟು ನೋಡಿದೆ. ಬಾಲಮ್ಮ ಎಂಬ ಹೆಸರಿಲ್ಲ. ಈ ಪುಸ್ತಕವನ್ನು ಯಾರಿಗೂ ತೋರಿಸುವುದಿಲ್ಲವಾದ್ದರಿಂದ ಬರೆಯುತ್ತೇನೆ: ಉಸಿರು ಸಲೀಸಾಯಿತು. ನಮ್ಮ ಪಟ್ಟಿಯವಳಲ್ಲ.

ಮಾರ್ಚ್ 22, ಬುಧವಾರ

ಅವಳು ನನಗೆ ಚಹಾ ಕೊಟ್ಟ ಹುಡುಗಿ.

ಮಾರ್ಚ್ 24, ಶುಕ್ರವಾರ

ಮೊನ್ನೆ ಒಂದೇ ಸಾಲು ಬರೆದು ಮುಚ್ಚಿದ್ದೆ. ಇವತ್ತು ಬರೆಯಲೇಬೇಕು, ಇಲ್ಲದಿದ್ದರೆ ನನಗೆ ಅನುಕೂಲವಾಗುವಂತೆ ಮರೆತುಬಿಡುತ್ತೇನೆ.

ಅಯ್ಯಮ್ಮನ ಒಬ್ಬಳೇ ಮಗಳು ಬಾಲಮ್ಮ. ಶಿರವಾಳಕ್ಕೆ ಕೊಟ್ಟಿದ್ದರು. ಸಂಕ್ರಾಂತಿ ಮುಗಿಸಿ, ಬಸುರಿಗೆ ಹಸಿರು ಬಳೆ ತೊಡಿಸುವ ಕುಬಸ ಮಾಡಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಕರೆದುಕೊಂಡು ಬಂದಿದ್ದರು. ನಾನು ಹೋದ ದಿನ ಏಳು ತಿಂಗಳು ತುಂಬಿತ್ತು. ಕೈಯಲ್ಲಿದ್ದದ್ದು ಕುಬಸದ ಬಳೆ. ಹಸಿರು ಬಳೆ ಎಂದು ನಾನೇ ಈ ಪುಸ್ತಕದಲ್ಲಿ ಬರೆದಿದ್ದೇನೆ. ಬಳೆ ಕಂಡಿತು, ಹೊಟ್ಟೆ ಕಾಣಲಿಲ್ಲ. ನಾನು ಕಾಗದ ನೋಡುತ್ತಿದ್ದೆ.

ಬುಧವಾರ ಎಮ್ಮಿಗುಡ್ಡಕ್ಕೆ ಹೋದಾಗ ಯೂನುಸ ಉಪಕೇಂದ್ರದ ಮೆಟ್ಟಿಲ ಮೇಲೆ ಕೂತಿದ್ದ. ನನ್ನನ್ನು ಕಂಡು ಏಳಲಿಲ್ಲ.

“ಸೋಮವಾರ ಮುಂಜಾನೆ ಮನಿಯಾಗೇ ಹೆರಿಗಿ ಆಗ್ಯಾದ. ಗಂಡು ಕೂಸು. ರಕ್ತ ನಿಂದ್ರವಲ್ದು ಅಂತ ಅವರಪ್ಪ ಓಡಿ ಬಂದ. ಪಾರ್ವತಿಬಾಯಿ ಅಕ್ಕಾರು ಬಾಜೂ ಊರಿಗೆ ಹೋಗಿದ್ರು. ನಾ ಪಟ್ಟಿ ನೋಡಿದೆ. ಹೆಸರಿಲ್ಲ. ತಾಯಿ ಕಾರ್ಡ್ ನೋಡಿದೆ, ಶಿರವಾಳದ್ದು. ನಿಮಗ ಫೋನ್ ಹಚ್ಚಿದೆ. ಮೂರು ಸಲ ಹಚ್ಚಿದೆ ಮೇಡಂ.”

ಫೋನ್ ತೆಗೆದು ಸೋಮವಾರದ ಆ ಮೂರು ಕರೆಗಳನ್ನು ನೋಡಿದೆ, ಅವನದೇ ನಂಬರು.

“ಅರ್ಧಾ ತಾಸು ಕಾದೆ. ನನಗೂ ಎರಡು ಹೆಣ್ಣು ಕೂಸು ಅದಾವ್ರಿ. ಜೈಲು ಅಂದ್ರಲ್ಲ ನೀವು. ಕಡೀಕ ಏನರ ಆಗಲಿ ಅಂತ ಗಾಡಿ ತಗದೆ. ಅಷ್ಟೊತ್ತಿಗೆ ಅವರು ಟ್ರ್ಯಾಕ್ಟರಿನ್ಯಾಗ ಹಾಕ್ಕೊಂಡು ಹೋಗಿದ್ರು. ಕಾಲುವಿ ದಾಟೋ ಪೂಲಿನ ಹತ್ರ ಹಿಡದು ಗಾಡಿಗೆ ತಗೊಂಡೆ. ಸುರಪುರದ ದವಾಖಾನಿಗೆ ಇನ್ನಾ ಎಂಟು ಕಿಲೋಮೀಟರ್ ಇತ್ತು.”

ಮರಿಲಿಂಗಪ್ಪನ ಮನೆಗೂ ಗಾಡಿ ನಿಲ್ಲುವ ಜಾಗಕ್ಕೂ ನಡುವೆ ಎಷ್ಟು ದೂರವೆಂದು ನಡೆದು ನೋಡಿದೆ. ಇನ್ನೂರ ಹತ್ತು ಹೆಜ್ಜೆ.

ಹೆಣವನ್ನು ಶಿರವಾಳಕ್ಕೆ ಒಯ್ದರಂತೆ. ಕೊಟ್ಟ ಹೆಣ್ಣಿನ ಮಣ್ಣು ಕೊಟ್ಟ ಊರಲ್ಲೇ ಆಗಬೇಕು. ಅಯ್ಯಮ್ಮ ಅಲ್ಲಿಂದ ಇನ್ನೂ ಬಂದಿರಲಿಲ್ಲ. ಬಂದಿದ್ದರೆ ಎದುರಿಗೆ ನಿಲ್ಲುತ್ತಿದ್ದೆನೋ ಇಲ್ಲವೋ ತಿಳಿಯದು.

ಮಾರ್ಚ್ 27, ಸೋಮವಾರ

ರಜೆ ಹಾಕಿ ಪಾರ್ವತಿಬಾಯಿಯ ಜೊತೆ ಕೂತು ಪಟ್ಟಿಯನ್ನು ಸರಿನೋಡಿದೆ. ಅರವತ್ತೊಂದರಲ್ಲಿ ಇಪ್ಪತ್ತೆರಡು ಜನ ಊರಲ್ಲೇ ಇಲ್ಲ. ಹೆರಿಗೆಗೆ ತಮ್ಮ ತಮ್ಮ ತವರಿಗೆ ಹೋಗಿದ್ದಾರೆ. ಹೊರಗಿನ ಊರುಗಳಿಗೆ ಕೊಟ್ಟು ಹೆರಿಗೆಗೆಂದು ಇಲ್ಲಿಗೆ ಬಂದ ಹೆಣ್ಣುಮಕ್ಕಳು ಹತ್ತೊಂಬತ್ತು. ಒಬ್ಬಳೂ ಪಟ್ಟಿಯಲ್ಲಿಲ್ಲ. ಇಲ್ಲದವರಿಗಾಗಿ ಗಾಡಿ ನಿಲ್ಲಿಸಿ, ಇದ್ದವರಿಗೆ ಹತ್ತಬೇಡಿ ಎಂದು ಬರೆಸಿದ್ದೇನೆ.

“ಅವರು ಹೆಸರು ಯಾಕ ಹೇಳಲಿಲ್ಲ?” ಎಂದೆ, ತಪ್ಪನ್ನು ಇನ್ನೊಬ್ಬರ ಮೇಲೆ ಹಾಕಲು ಕೊನೆಯ ಸಲ ನೋಡುತ್ತ.

ಪಾರ್ವತಿಬಾಯಿ ನನ್ನನ್ನು ವಿಚಿತ್ರವಾಗಿ ನೋಡಿದಳು. “ನಿಮ್ಮ ಮನಿಯವ್ರು ಎಷ್ಟು ಮಂದಿ ಅಂತ ಕೇಳಿದ್ರಿ. ಕೊಟ್ಟ ಹೆಣ್ಣನ್ನ ನಮ್ಮ ಮನಿಯಾಕಿ ಅಂತ ಯಾವ ತಾಯಿ ಅಂತಾಳ್ರಿ? ಹಂಗಂದ್ರ ಮಗಳು ಗಂಡನ ಬಾಳೇವು ಬಿಟ್ಟು ಬಂದಾಳ ಅಂದಂಗ ಆಗ್ತದ. ನಿಮಗ ಗೊತ್ತಿಲ್ಲೇನು?”

ಗೊತ್ತಿತ್ತು. ಇದೇ ನೆಲದಲ್ಲಿ ಹುಟ್ಟಿದವಳಿಗೆ ಗೊತ್ತಿರದೆ ಇರುತ್ತದೆಯೇ?

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ನಮ್ಮ ಚಂದ್ರಾಮಪ್ಪನವರು ಪೋಸ್ಟಾಫೀಸಿನಲ್ಲಿ ಮೂವತ್ತೈದು ವರ್ಷ ಗುಮಾಸ್ತರಾಗಿದ್ದವರು. ಸಮಾಧಾನದ ಮಾತನ್ನೂ ಠಸ್ಸೆ ಹೊಡೆದಂತೆ ಹೇಳುತ್ತಾರೆ.

“ಏಳು ವರ್ಷದಾಕಿ ಇದ್ದಾಗ ನಿಮ್ಮವ್ವ ಹೋದ್ಲು. ನಿನ್ನ ಹೆರಿಗಿ ಇದೇ ಮನಿಯಾಗ ಆತು. ನಿನಗ ತವರು ಅನ್ನೋದು ಇರಲಿಲ್ಲ. ಅದಕ್ಕ ಹೊಳಿಲಿಲ್ಲ, ಬಿಡು.”

ಸಿಟ್ಟು ಬಂತು. ತಾಯಿಯಿಲ್ಲದವಳೆಂಬ ಕನಿಕರವನ್ನು ನಾನು ಐವತ್ತು ವರ್ಷ ಯಾರಿಂದಲೂ ತೆಗೆದುಕೊಂಡಿಲ್ಲ. ಇದಕ್ಕಂತೂ ತೆಗೆದುಕೊಳ್ಳಲಾರೆ. ಊಟ ಬಿಟ್ಟು ಎದ್ದೆ. ಅವರು ನನ್ನ ತಾಟನ್ನು ಮುಚ್ಚಿಟ್ಟು ತಾವೂ ಉಣ್ಣದೆ ಕೂತರು.

ಏಪ್ರಿಲ್ 3, ಸೋಮವಾರ

ದೇವಿಂದ್ರಪ್ಪ ಕಲಬುರಗಿಯಿಂದ ಬಂದಿದ್ದ.

“ಹತ್ತೊಂಬತ್ತು ಹೆಸರು ಸೇರಿಸಿ ಅಂತ ಒಂದು ಸಣ್ಣ ಮೆಮೊ ಹಾಕೋಣ್ರಿ ಮೇಡಂ. ಟೈಪಿನ ತಪ್ಪು ಅಂತ ಅಂದ್ರ ಮುಗೀತು. ಸತ್ತ ಸುದ್ದಿ ಬ್ಯಾಡ.”

“ಟೈಪಿನ ತಪ್ಪಾಗಿದ್ದಿಲ್ಲ.”

“ಇಲ್ರಿ. ಆದ್ರ ನೀವೇ ನಿಂತು ನನ್ನ ಪಟ್ಟಿ ತಪ್ಪು ಅಂದ್ರ, ಎದುರಿನವರು ಆದೇಶದ ಬುಡಕ್ಕೇ ಕೈ ಹಾಕ್ತಾರ. ಗಾಡಿ ಹೋಗ್ತದ. ಹನ್ನೊಂದು ವರ್ಷ ಹೋಗ್ತದ.”

ಅವನು ಹೇಳಿದ್ದು ಸರಿ. ಕಡತ ಬಿಡಿಸಿ ತೋರಿಸಿದ. ನ್ಯಾಯಾಲಯಕ್ಕೆ ಕೊಟ್ಟ ಪ್ರತಿಯಲ್ಲಿ, ಎಮ್ಮಿಗುಡ್ಡದ ಮೂರನೇ ಹಾಳೆಯಲ್ಲಿ, ಮನೆ ನಲವತ್ತೊಂದರ ಸಾಲಿನ ಪಕ್ಕಕ್ಕೆ ಚಹಾದ ಕಲೆ ಹಾಗೇ ಅಚ್ಚಾಗಿ ಬಂದಿದೆ. ಅವಳ ಹೆಸರಿಲ್ಲ, ಅವಳು ಚೆಲ್ಲಿದ್ದು ಇದೆ. ನೋಡಲಾರದೆ ಕಡತ ಮುಚ್ಚಿದೆ.

ಏಪ್ರಿಲ್ 9, ರವಿವಾರ

ಏನೂ ಇಲ್ಲ.

ಏಪ್ರಿಲ್ 15, ಶನಿವಾರ

ಇವತ್ತೂ ಎಮ್ಮಿಗುಡ್ಡಕ್ಕೆಂದು ಹೊರಟು ಸುರಪುರದ ಬಸ್‌ಸ್ಟ್ಯಾಂಡಿನಿಂದ ತಿರುಗಿ ಬಂದೆ. ಇದು ಎರಡನೇ ಸಲ. ಅಯ್ಯಮ್ಮ ಊರಿಗೆ ಬಂದಿದ್ದಾಳಂತೆ. ಕೂಸನ್ನು ಶಿರವಾಳದವರೇ ಇಟ್ಟುಕೊಂಡಿದ್ದಾರೆ.

ಬಸ್ಸಿನಲ್ಲಿ ಎದುರಿಗೆ ಒಬ್ಬಳು ಕೂತಿದ್ದಳು, ಬಸುರಿ. ಬಲಗೈಯಲ್ಲಿ ಹನ್ನೊಂದು ಬಳೆ, ಎಡಗೈಯಲ್ಲಿ ಹತ್ತು. ಒಂದು ಒಡೆದಿರಬೇಕು. ಗುಂಡಿ ಬಂದಾಗಲೆಲ್ಲ ಒಂದು ಕೈಯಿಂದ ಮುಂದಿನ ಸೀಟು ಹಿಡಿಯುತ್ತಿದ್ದಳು, ಇನ್ನೊಂದನ್ನು ಹೊಟ್ಟೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಎಲ್ಲಿಗೆ ಎಂದು ಕೇಳಿದೆ. “ತವರಿಗ್ರಿ” ಎಂದಳು. ನಾನು ಇಳಿಯುವ ಜಾಗ ದಾಟಿ ಹೋಗಿತ್ತು.

ಏಪ್ರಿಲ್ 20, ಗುರುವಾರ

ಹೇಳಿಬಿಟ್ಟೆ. ಪ್ರಮಾಣಪತ್ರ ನಾನೇ ಬರೆದೆ. ಪಟ್ಟಿ ನನ್ನದು, ಪ್ರಶ್ನೆ ನನ್ನದು, ಐದನೆಯ ಅಂಶ ನನ್ನದು, ಬಾಲಮ್ಮ ಎಂಬ ಇಪ್ಪತ್ತೊಂದು ವರ್ಷದ ಹೆಣ್ಣುಮಗಳು ಇದರಿಂದ ಸತ್ತಳು, ಡ್ರೈವರನ ತಪ್ಪಿಲ್ಲ ಎಂದು. ಸರ್ಕಾರಿ ವಕೀಲರು ಈ ಸಲ ನಗಲಿಲ್ಲ. ಮೆಲ್ಲಗೆ ಎದ್ದು, ಅರ್ಜಿದಾರರೇ ತಮ್ಮ ಪಟ್ಟಿ ನಂಬಲರ್ಹವಲ್ಲ ಎಂದ ಮೇಲೆ ಅದರ ಮೇಲೆ ನಿಂತ ಆದೇಶ ನಿಲ್ಲುವುದು ಹೇಗೆ ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಹೊಸ ಪಟ್ಟಿ ಬಂದು, ಅದನ್ನು ಪರಿಶೀಲಿಸುವವರೆಗೆ ಆದೇಶಕ್ಕೆ ತಡೆ. ಬೇಸಿಗೆ ರಜೆ ಕಳೆದು ಜೂನಿನಲ್ಲಿ ಮುಂದಿನ ವಿಚಾರಣೆ. ಅಲ್ಲಿಯವರೆಗೆ ಗಾಡಿ ವಾಪಸ್. ದೇವಿಂದ್ರಪ್ಪ ಹೊರಗೆ ಬಂದು ನನ್ನ ಜೊತೆ ಮಾತಾಡದೆ ಹೋದ.

ಏಪ್ರಿಲ್ 22, ಶನಿವಾರ

ಸತ್ಯ ಹೇಳಿದೆನೋ, ನನ್ನ ಎದೆ ಹಗುರವಾಗಲೆಂದು ಹದಿನಾಲ್ಕು ಹಳ್ಳಿಯ ಗಾಡಿ ಕಿತ್ತುಕೊಂಡೆನೋ?

ಎದೆಯೂ ಹಗುರಾಗಿಲ್ಲ.

ಏಪ್ರಿಲ್ 29, ಶನಿವಾರ

ಸನ್ಮಾನ ಮುಗಿಯಿತು. ಎರಡು ಶಾಲು, ಒಂದು ಪೇಟ, ನನ್ನ ತಲೆಗೆ ದೊಡ್ಡದು. ಯಾದಗಿರಿಯಿಂದ ಬಂದಿದ್ದ ಅತಿಥಿಗಳು, ಆರೋಗ್ಯದ ಹಕ್ಕನ್ನು ಕಾಲುವೆಯ ಕೊನೆಯ ಹಳ್ಳಿಗೂ ಒಯ್ದ ಮಹಾತಾಯಿ ಎಂದರು. ಗಾಡಿ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ನೆಲ ನೋಡುತ್ತಿದ್ದರು. ನನಗೆ ಮಾತಾಡಲು ಹೇಳಿದಾಗ ಗಂಟಲು ಸರಿಯಿಲ್ಲವೆಂದು ಕೂತುಬಿಟ್ಟೆ.

ತಪ್ಪಿಸಿಕೊಂಡು ಅಡುಗೆಯ ಕಡೆ ಹೋದೆ. ಹಾಸ್ಟೆಲಿನ ಅಡುಗೆಯ ಶಿವಬಸಮ್ಮ ಸಾಲಿನ ಮಧ್ಯೆ ನಿಂತು ಬೆರಳು ಮಡಚುತ್ತಿದ್ದಳು. ಕರೆದದ್ದು ಇನ್ನೂರು ಜನರನ್ನು ಅಲ್ಲವೇ, ಮತ್ತೆ ಎಣಿಸುವುದು ಯಾಕೆ ಎಂದೆ.

“ಕರದವರ ಪಟ್ಟಿ ತಗೊಂಡು ಏನ್ ಮಾಡ್ಲಿರಿ? ಬರದವರು ಇರ್ತಾರ, ಕರೀದೆ ಬಂದವರೂ ಇರ್ತಾರ. ಯಾರ ಕಡಿಯವ್ರು ಅಂತ ನಾ ಕೇಳಂಗಿಲ್ಲ. ಉಣ್ಣಾಕ ಕುಂತವರನ್ನ ಎಣಸ್ತೀನಿ.”

ಅಲ್ಲೇ ಇದ್ದ ಮೆಣಸಿನಕಾಯಿ ಚೀಲದ ಮೇಲೆ ಕೂತೆ. ಹನ್ನೊಂದು ವರ್ಷ, ಮೂವತ್ತು ಪುಸ್ತಕ, ಎರಡು ಡಿಗ್ರಿ. ಶಿವಬಸಮ್ಮ ಗಾಬರಿಯಾಗಿ ನೀರು ತಂದುಕೊಟ್ಟಳು. ಅವಳ ಬಲಗೈ ಹೆಬ್ಬೆರಳಿಗೆ ಸುಟ್ಟ ಕಲೆಯಿದೆ. ಹನ್ನೆರಡು ವರ್ಷದಿಂದ ಅವಳ ಕೈಯಿಂದ ಉಣ್ಣುತ್ತಿದ್ದೇನೆ.

ಮೇ 7, ರವಿವಾರ

ಈ ಸಲ ಸುರಪುರದಿಂದ ತಿರುಗಲಿಲ್ಲ. ಒಬ್ಬಳೇ ಹೋದೆ, ಹೊಸ ಹಾಳೆ ತೆಗೆದುಕೊಂಡು. ಕಾಲುವೆಗೆ ನೀರು ಬಿಡುವುದು ನಿಂತು ತಳ ಕಾಣುತ್ತಿದೆ. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಉಳಿದಿದೆ.

ಅಯ್ಯಮ್ಮ ಅದೇ ಕಟ್ಟೆಯ ಮೇಲಿದ್ದಳು. ಚಾಪೆ ಹಾಸಲು ಎದ್ದಳು, ಬೇಡವೆಂದೆ, ಆದರೂ ಹಾಸಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

“ಗಾಡಿ ಒಯ್ದರಂತಲ್ರಿ?”

“ಹೌದು ಅಯ್ಯಮ್ಮ. ನಾ ಹೋಗಿ ನನ್ನ ಪಟ್ಟಿ ತಪ್ಪಾಗ್ಯಾದ ಅಂದೆ. ಅದಕ್ಕ ಒಯ್ದರು.”

“ನೀವು ಸುಮ್ಮ ಇದ್ದಿದ್ರ?”

“ಇರ್ತಿತ್ತು.”

“ಮತ್ಯಾಕ ಹೇಳಾಕ ಹೋದ್ರಿ? ಇದ್ದವರಿಗರ ಆಗ್ತಿತ್ತಲ್ಲ.”

ಕಾನೂನಿನ ಉತ್ತರ ಅವಳ ಮುಂದೆ ಆಡುವಂಥದಲ್ಲ. ಕೈ ಮುಗಿದೆ. ಅವಳು ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಬ್ಬರೂ ಅತ್ತೆವು. ಜೊತೆಯಾಗಿ ಅತ್ತೆವೆಂದು ಬರೆಯಲಾರೆ. ಅವಳು ಅವಳಷ್ಟಕ್ಕೆ, ನಾನು ನನ್ನಷ್ಟಕ್ಕೆ.

ಪಕ್ಕದ ಮನೆಯ ಗೊಲ್ಲಾಳಮ್ಮ ಚಹಾ ತಂದಳು. ಮೊಣಕೈವರೆಗೆ ಹಿಟ್ಟು ಹತ್ತಿದ ಕೈ. ಅವಳಿಗೇ ಮೊದಲು ಕೇಳಿದೆ:

“ನಿನ್ನಿ ನಿಮ್ಮ ಮನಿಯೊಳಗ ಯಾರ್ಯಾರು ಉಂಡ್ರಿ?”

ಅವಳು ನಕ್ಕಳು. “ಇದೆಂಥಾ ಪ್ರಶ್ನಿ? ನಾನು, ನಮ್ಮ ಮನಿಯವ್ರು, ಇಬ್ಬರು ಗಂಡುಹುಡುಗ್ರು, ಮತ್ತ ಸೈದಾಪುರಕ್ಕ ಕೊಟ್ಟಾಕಿ ಬಂದಾಳಲ್ರಿ, ಆಕಿ. ಆಕಿಗಿ ಆರು ತಿಂಗಳು.”

ಐದು. ಆರು ತಿಂಗಳು. ಹೆಸರು ಕೇಳಿ ಬರೆದುಕೊಂಡೆ. ಹುಡುಗಿಯನ್ನು ಹೊರಗೆ ಕರೆಸಿ ಮುಖ ನೋಡಿ ಮಾತಾಡಿಸಿದೆ. ಅವಳಿಗೆ ದಿನ ತುಂಬುವಷ್ಟರಲ್ಲಿ ಗಾಡಿ ಬರುತ್ತದೆಂದು ಹೇಳಲು ನನಗೆ ಧೈರ್ಯ ಬರಲಿಲ್ಲ.

ಏಳುತ್ತಿದ್ದೆ. ಅಯ್ಯಮ್ಮ ಅಂದಳು, “ನನ್ನ ಮನಿ ಕೇಳವಲ್ರಿ?”

“ಬ್ಯಾಡ ಅಯ್ಯಮ್ಮ.”

“ಎಲ್ಲರಿಗೂ ಕೇಳ್ತೀರಿ. ನನಗೂ ಕೇಳ್ರಿ.”

ಕೂತೆ. ಹಾಳೆ ಬಿಡಿಸಿದೆ.

“ನಿನ್ನಿ ಈ ಮನಿಯೊಳಗ ಯಾರ್ಯಾರು ಉಂಡ್ರಿ?”

“ನಾನು. ನಮ್ಮ ಮನಿಯವ್ರು. ಮಗ.” ಬೆರಳು ಮಡಚಿ ಹೇಳಿದಳು, ನಾಲ್ಕನೆಯ ಬೆರಳಿನ ಮೇಲೆ ಹೆಬ್ಬೆರಳು ಇಟ್ಟು ಹಾಗೇ ಕೂತಳು.

“ಅವತ್ತ ಹಿಂಗ ಕೇಳಿದ್ರ ನಾಕು ಅಂತಿದ್ದೆರಿ.”

ಮೂರು ಎಂದು ಬರೆದೆ. ಜನವರಿಯಲ್ಲೂ ಅದನ್ನೇ ಬರೆದಿದ್ದೆ.